ಎರಡು ಒಲೆ, ಒಂದು ಬೆಕ್ಕು

ನಾನು ಆದಿವಾಲದ ಕಡೆಯ ಹೆಣ್ಣು. ಮಾರಿಕಣಿವೆ ನೀರು ಹರಿಯುವ ಗದ್ದೆಗಳ ನಡುವೆ ಬೆಳೆದವಳು. ತವರಿನ ಒಲೆಯ ಮೇಲೆ ವಾರದಲ್ಲಿ ನಾಲ್ಕು ದಿನ ಅನ್ನವೇ. ಮದುವೆಯಾಗಿ ರಾಮಗಿರಿ ಹತ್ತಿರದ ಊರಿಗೆ ಬಂದಾಗ ನನಗೆ ಮುದ್ದೆ ಉಣ್ಣಲು ಬರುತ್ತಿತ್ತೇ ಹೊರತು ಮಾಡಲು ಬರುತ್ತಿರಲಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಇಷ್ಟು ವರ್ಷ ಬೇಕಾಯಿತು.

ಒಂದು ಸುಗ್ಗಿಯಲ್ಲಿ ಆಳುಗಳೆಲ್ಲ ಊಟಕ್ಕೆ ಕೂತಿದ್ದರು. ನನ್ನ ಅತ್ತೆ ಮುದ್ದೆ ಮುರಿದು, ನಡುವಿನ ಬಿಳಿ ಹಿಟ್ಟನ್ನು ಎಲ್ಲರಿಗೂ ಕಾಣುವಂತೆ ತೋರಿಸಿ, "ಇದು ಬೆಂದೇ ಇಲ್ಲ. ದನಕ್ಕಿಡು" ಎಂದರು. ನನಗೋ ಮೂಗಿನ ತುದಿಯಲ್ಲೇ ಕೋಪ. "ಬೇಕಿದ್ರೆ ನಿಮ್ದು ನೀವೇ ಬೇಯಿಸ್ಕಳ್ರಿ" ಎಂದುಬಿಟ್ಟೆ. ಮಾರನೆಯ ಬೆಳಗ್ಗೆ ಅವರು ಹಿತ್ತಿಲ ಜಗಲಿಯಲ್ಲಿ ಮೂರು ಕಲ್ಲಿಟ್ಟು ಬೇರೆ ಒಲೆ ಹೂಡಿದರು. ಅಂದಿನಿಂದ ನಾಲ್ಕು ವರ್ಷ ನಾವಿಬ್ಬರೂ ಮಾತು ಬಿಟ್ಟೆವು.

ಮಾತು ಬಿಟ್ಟರೂ ಸಂಸಾರ ನಡೆಯಬೇಕಲ್ಲ. ನಮ್ಮ ಕಡೆ ಮಾತು ಬಿಟ್ಟ ಹೆಂಗಸರು ಹೇಳಬೇಕಾದ್ದನ್ನು ಕಂಬಕ್ಕೋ ಕರುವಿಗೋ ಹೇಳುತ್ತಾರೆ, ಕೇಳಬೇಕಾದವರು ಕೇಳಿಸಿಕೊಳ್ಳುತ್ತಾರೆ. ನಮಗೆ ಬೆಕ್ಕಿತ್ತು. "ಬೆಕ್ಕೇ, ಹಾಲು ಉಕ್ತಾ ಐತೆ, ಈ ಮನೇಲಿ ಯಾರಿಗೂ ಕಣ್ಣಿಲ್ವಾ" ಎಂದು ಅವರು. "ಬೆಕ್ಕೇ, ಕಣ್ಣಿರೋರೇ ಇಳಿಸ್ಬೋದಲ್ಲ" ಎಂದು ನಾನು. ರೈಲ್ವೆ ಗ್ಯಾಂಗಿನಲ್ಲಿ ಕೆಲಸಕ್ಕಿದ್ದ ನನ್ನ ಗಂಡ ಎರಡೂ ಒಲೆಯ ಮುದ್ದೆ ಒಂದೊಂದು ಉಂಡು, ಯಾವುದು ಚೆನ್ನ ಎನ್ನದೆ, ಹಳಿ ನೋಡಲು ಹೊರಟುಬಿಡುತ್ತಿದ್ದರು. ಬೆಕ್ಕು ಎರಡೂ ಕಡೆ ಹಾಲು ಕುಡಿದು ದುಂಡಗಾಯಿತು.

ಎಪ್ಪತ್ತರ ದಶಕದ ನಡುವಿನ ಒಂದು ಚಳಿಗಾಲದಲ್ಲಿ ಅತ್ತೆಯ ಹೊಟ್ಟೆಯಲ್ಲಿ ಗಡ್ಡೆ ಇರುವುದು ಗೊತ್ತಾಯಿತು. ದುರ್ಗದ ಡಾಕ್ಟರು ನನ್ನ ಗಂಡನನ್ನು ಪಕ್ಕಕ್ಕೆ ಕರೆದು, "ಇನ್ನು ನಾವು ಮಾಡೋದೇನಿಲ್ಲ. ಮನೆಗೆ ಕರ್ಕೊಂಡು ಹೋಗಿ. ನೋವಿಗೆ ಮಾತ್ರೆ ಕೊಡ್ತೀನಿ. ಇಷ್ಟಪಟ್ಟಿದ್ದು ಉಣ್ಣಿಸಿ" ಎಂದರು. ಹೊಸದುರ್ಗದಿಂದ ನಾದಿನಿ ಬಂದು ಹತ್ತು ದಿನ ಅವ್ವನ ಒಲೆಯಲ್ಲೇ ಬೇಯಿಸಿ ಉಣಿಸಿದಳು. ಅವಳ ಮನೆಯಲ್ಲೂ ಕಾಯಿಲೆ ಎಂದು ಸುದ್ದಿ ಬಂದು ಹೋಗಲೇಬೇಕಾಯಿತು. ಹೋಗುವಾಗ ನನ್ನ ಕೈ ಹಿಡಿದು, "ಅತ್ತಿಗೆ, ನಮ್ಮವ್ವ ನಿಮ್ಮ ಕೈಯಾಗೆ ಉಣ್ಣಲ್ಲ. ಹಸ್ಕಂಡೇ ಹೋಗ್ತಾಳೆ" ಎಂದು ಅತ್ತಳು.

ನನಗಿದ್ದದ್ದೂ ಅದೇ ಭಯ. ಮೈ ಒರೆಸಿದರೆ ಒರೆಸಿಕೊಂಡರು, ಮಗ್ಗಲು ಬದಲಿಸಿದರೆ ಸುಮ್ಮನಿದ್ದರು. ಗಂಜಿ ಹಿಡಿದರೆ ಮಾತ್ರ, "ಬೆಕ್ಕೇ, ಹಸಿವಿಲ್ಲ ಅಂತ ಹೇಳು" ಎಂದು ಗೋಡೆಯ ಕಡೆ ತಿರುಗುತ್ತಿದ್ದರು. ಎರಡು ದಿನ ಬರೀ ನೀರು, ಮಗ ಹೇಳಿದರೂ ಕೇಳಲಿಲ್ಲ. ನನ್ನ ಮೇಲಿನ ಹಟಕ್ಕೆ ಈ ಮುದುಕಿ ಉಪವಾಸ ಸತ್ತರೆ ನಾನು ಯಾವ ಮುಖ ಹೊತ್ತು ಬದುಕಲಿ? ಅಳುವೂ ಬಂತು, ಮೈಯೆಲ್ಲ ಉರಿದೂ ಹೋಯಿತು.

ಮೂರನೆಯ ಬೆಳಗ್ಗೆ ಬೆಕ್ಕನ್ನು ಹಿಡಿದು ಹುಲ್ಲಿನ ಕೋಣೆಗೆ ಹಾಕಿ ಚಿಲಕ ಜಡಿದೆ. ಬಂದು ಅವರ ಎದುರು ಕೂತೆ. ಹೊತ್ತು ನೆತ್ತಿಗೇರಿತು.

"ಬೆಕ್ಕೆಲ್ಲಿ?" ಅತ್ತೆ ಗೋಡೆಯನ್ನು ಕೇಳಿದರು.

"ಗೋಡೆಗೇನು ಗೊತ್ತು. ನನ್ನ ಕೇಳ್ರಿ" ಎಂದೆ.

ಅವರ ಹೊಟ್ಟೆ ಅಲುಗತೊಡಗಿತು. ನೋವೇನೋ ಎಂದು ಹತ್ತಿರ ಹೋದರೆ, ನಗುತ್ತಿದ್ದರು. ಕೋಣೆಯೊಳಗೆ ಬೆಕ್ಕು ಅರಚುತ್ತಿತ್ತು.

"ಬಿಡೇ ಅದನ್ನ, ಪಾಪ. ಮುದ್ದೆ ಮಾಡು. ನಾನು ಹೇಳ್ದಂಗೆ ಮಾಡು."

ನಾಲ್ಕು ವರ್ಷದಲ್ಲಿ ನೇರ ನನಗೇ ಹೇಳಿದ ಮೊದಲ ಮಾತು. ಚಾಪೆ ಸಮೇತ ಅವರನ್ನು ನನ್ನ ಒಲೆಯ ಪಕ್ಕಕ್ಕೆ ಎಳೆದು ತಂದೆ. "ಹಿಟ್ಟು ಹಾಕಿ ನಡುವೆ ಕೋಲಿಂದ ತೂತು ಮಾಡು. ಅವಸರ ಬ್ಯಾಡ. ಎಸರು ಹಿಟ್ಟಿನ ಮೇಲೇರ್ಲಿ, ಆಮೇಲೆ ತಿರುವು." ನಿಂಬೆಹಣ್ಣಿನಷ್ಟು ನುಂಗಿ, "ಇನ್ನೂ ಹಸಿ. ಇದರಿಂದೇನು ಸಾಯಲ್ಲ ಬಿಡು" ಎಂದರು.

ಆಮೇಲೆ ಒಂದೂವರೆ ತಿಂಗಳು ಬದುಕಿದರು. ದಿನಾ ಒಲೆಯ ಪಕ್ಕ ಪಾಠ, ದಿನಾ ಬೈಗುಳ. ನನ್ನ ಮದುವೆಯ ಬದುಕಿನಲ್ಲಿ ಅಷ್ಟು ನಕ್ಕ ದಿನಗಳು ಬೇರೆ ಇಲ್ಲ. ಒಮ್ಮೆ ನಾನು ಅವರ ತಲೆ ಬಾಚುತ್ತಿದ್ದಾಗ ತಾವಾಗಿಯೇ ಹೇಳಿದರು: "ನಮ್ಮತ್ತೆ ನನ್ನ ಮುದ್ದೆನ ಅಂಗಳಕ್ಕೆ ಎಸೆದಿದ್ಲು. ನಾನು ಬಾಯಿ ಬಿಡ್ಲಿಲ್ಲ. ನೀನು ಬಿಟ್ಟೆ ನೋಡು, ಅದಕ್ಕೇ ನಂಗೆ ಉರಿ ಹತ್ತಿದ್ದು." ನಾನು ಬೈತಲೆ ತಿದ್ದುತ್ತಾ ಕೂತೆ.

ಒಂದು ದಿನ ಎದ್ದಾಗಲೇ ದನಿ ನೂಲಿನ ಎಳೆಯಷ್ಟಾಗಿತ್ತು. "ಮುದ್ದೆ" ಎಂದರು. ಕೇಳಿದ್ದನ್ನು ಕೊಡುವ ಮೊದಲೇ ಹೋಗಿಬಿಟ್ಟಾರೆಂದು ಒಲೆಗೆ ಇನ್ನೆರಡು ಸೌದೆ ತುರುಕಿದೆ. ಮುದ್ದೆ ಕಟ್ಟಿ, ಒಂದು ಚೂರನ್ನು ಸಾರಿನಲ್ಲಿ ಅದ್ದಿ ನಾಲಿಗೆಯ ಮೇಲಿಟ್ಟೆ. ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡಿದ್ದರು. ನನ್ನ ಮುಖವನ್ನೇ ನೋಡುತ್ತಿದ್ದರು.

"ಈಗ ಬೆಂದೈತೆ ಕಣವ್ವ" ಎಂದರು.

ಅದೇ ಕೊನೆಯ ಮಾತು. ಹಾಗೇ ನಿದ್ದೆ ಹೋದರು. ದೀಪ ಹಚ್ಚುವ ಹೊತ್ತಿಗೆ ನಿದ್ದೆಯಲ್ಲೇ ಹೊರಟುಹೋದರು.

ಅದಕ್ಕೂ ಮೊದಲು, ಮಧ್ಯಾಹ್ನ, ಅವರಿನ್ನೂ ನಿಧಾನಕ್ಕೆ ಉಸಿರಾಡುತ್ತಿದ್ದಾಗ, ಉಳಿದ ಮುದ್ದೆಯನ್ನು ತಟ್ಟೆಗೆ ಹಾಕಿಕೊಂಡು ಪಕ್ಕದಲ್ಲೇ ಕೂತು ಮುರಿದೆ. ನಡುವೆ ಬಿಳಿ ಹಿಟ್ಟು ಹಾಗೇ ಇತ್ತು. ಅವಸರದಲ್ಲಿ ಇಳಿಸಿಬಿಟ್ಟಿದ್ದೆ. ಬೆಕ್ಕು ಬಂದು ತೊಡೆಗೆ ತಲೆ ಉಜ್ಜಿತು. ಅದಕ್ಕೊಂದು ಚೂರೂ ಹಾಕದೆ, ಆ ಹಸಿ ಹಿಟ್ಟಿನ ಮುದ್ದೆಯನ್ನು ನಾನೊಬ್ಬಳೇ ಪೂರ್ತಿ ಉಂಡೆ.