ಅತ್ತೆ ಮರಿ ಕಂಪನಿಗೆ ಹೋದದ್ದು

ಮದುವೆಯಾಗಿ ಕೊಯಮತ್ತೂರಿನ ಹತ್ತಿರ ಕರುಮತ್ತಂಪಟ್ಟಿಯ ಪಕ್ಕದ ಹಳ್ಳಿಗೆ ಬಂದ ಮಾರನೇ ದಿನ ಬೆಳಿಗ್ಗೆ ನಮ್ಮತ್ತೆ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಕಾಪಿ ಕುಡೀತೀಯಾ?" ಎಂದು ಕೂಗಿದರು. ನಾನು ಬೆಚ್ಚಿಬಿದ್ದೆ. ಬಂದ ಕೂಡಲೇ ಏನು ತಪ್ಪು ಮಾಡಿದೆನೋ ಎಂದು ಕಣ್ಣಲ್ಲಿ ನೀರು ತುಂಬಿತು. ನಮ್ಮವರು ನನ್ನ ಕಿವಿಯ ಹತ್ತಿರ ಬಂದು, "ಅಮ್ಮಂಗೆ ಕೋಪ ಇಲ್ಲ. ತರಿ ಸದ್ದಲ್ಲಿ ಮೆಲ್ಲಗೆ ಹೇಳಿದ್ರೆ ಯಾರಿಗೆ ಕೇಳತ್ತೆ?" ಎಂದರು.

ತಲೆಮಾರುಗಳಿಂದ ತಮಿಳುನಾಡಿನಲ್ಲೇ ಇದ್ದ ಆ ಮನೆಯವರ ಕನ್ನಡದಲ್ಲಿ ಮಗ್ಗಕ್ಕೆ ತರಿ ಎನ್ನುತ್ತಾರೆ, ತಮಿಳಿನಂತೆಯೇ. ಅಡಿಗೆಮನೆಯ ಗೋಡೆಗೆ ಅಂಟಿಕೊಂಡ ಶೆಡ್ಡಿನಲ್ಲಿ ಎಂಟು ವಿದ್ಯುತ್ ಮಗ್ಗಗಳು ಬೆಳಗಿನಿಂದ ಬಡಿದುಕೊಳ್ಳುತ್ತಿದ್ದವು. ಸೋಮನೂರಿನ ವ್ಯಾಪಾರಿಗಳು ನೂಲು ಕಳಿಸುತ್ತಿದ್ದರು, ನಾವು ನೇಯ್ದು ಬಟ್ಟೆ ಕಳಿಸುತ್ತಿದ್ದೆವು, ನೇಯ್ದದ್ದಕ್ಕೆ ಕೂಲಿ ಬರುತ್ತಿತ್ತು. ಮಾವ ಮತ್ತು ನಮ್ಮವರು ಮಗ್ಗ ನೋಡಿಕೊಳ್ಳುತ್ತಿದ್ದರು. ಅತ್ತೆ ಲಾಳಿಗೆ ಹಾಕುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ಅವರು ಮಾಡಿದ ಕೆಲಸ ಅದೊಂದೇ.

ನಾನು ಕೊಳ್ಳೇಗಾಲದ ಕಡೆಯವಳು. ನಮ್ಮದೂ ನೇಕಾರರ ಮನೆಯೇ, ಆದರೆ ರೇಷ್ಮೆ. ನಮ್ಮ ಬೀದಿಯಲ್ಲಿ ಎಲ್ಲರಿಗೂ ಅದೊಂದೇ ಕಸುಬು. ಸೀರೆ ಚೆನ್ನಾಗಿ ಮಾರಿಹೋಗುವ ವರ್ಷ ಬೀದಿಗೆ ಬೀದಿಯೇ ನಗುತ್ತಿತ್ತು. ಸೀರೆ ಹೋಗದ ವರ್ಷ ಎಲ್ಲ ಮನೆಗಳೂ ಒಟ್ಟಿಗೆ ಬಾಡುತ್ತಿದ್ದವು. ಪಕ್ಕದ ಮನೆಯಲ್ಲಿ ಒಂದು ಪಾವು ಅಕ್ಕಿ ಕೇಳೋಣವೆಂದರೆ ಅವರೂ ನಮ್ಮ ಮನೆಯ ಕಡೆಗೇ ಪಾತ್ರೆ ಹಿಡಿದು ಹೊರಟಿರುತ್ತಿದ್ದರು. ಊರೆಂದರೆ ಹೀಗೇ ಎಂದು ನಾನು ತಿಳಿದಿದ್ದೆ.

ಹೊಸ ಊರಿನ ಸುತ್ತ ಬೇರೆ ಏನೇನೋ ಇತ್ತು. ಪಲ್ಲಡಂ ರಸ್ತೆಯುದ್ದಕ್ಕೂ ಕೋಳಿ ಶೆಡ್ಡುಗಳು, ಮೊಟ್ಟೆಗೆ ಕಾವು ಕೊಟ್ಟು ಕೋಳಿಮರಿ ಮಾಡುವ ಕಂಪನಿಗಳು. ತಿರುಪ್ಪೂರಿನ ಬನಿಯನ್ ಕಂಪನಿಗಳ ವ್ಯಾನುಗಳು ಬೆಳಿಗ್ಗೆ ಹೆಂಗಸರನ್ನು ತುಂಬಿಕೊಂಡು ಹೋಗುತ್ತಿದ್ದವು. ಕೊಯಮತ್ತೂರಿನ ದಿಕ್ಕಿಗೆ ಹೋದರೆ ಪಂಪು, ಮೋಟಾರು ಮಾಡುವ ಕಾರ್ಖಾನೆಗಳು. ಇವನ್ನೆಲ್ಲ ನಾನು ಬಸ್ಸಿನ ಕಿಟಕಿಯಿಂದ ನೋಡಿದ್ದೆ, ಅಷ್ಟೇ. ನಮ್ಮ ಮಾವನಿಗಂತೂ ಅವು ಬೇರೆಯವರ ವಿಷಯ. "ನಾವು ನೇಯೋರು" ಎಂದು ಅವರು ಒಮ್ಮೆ ಹೇಳಿದರೆ ಅಲ್ಲಿಗೆ ಮಾತು ಮುಗಿಯುತ್ತಿತ್ತು.

ನನ್ನ ಮಗಳು ಅಂಗನವಾಡಿಗೆ ಹೋಗುವ ವರ್ಷ ಕೂಲಿ ಹೆಚ್ಚಿಸಬೇಕೆಂದು ಮಗ್ಗದವರೆಲ್ಲ ಕೆಲಸ ನಿಲ್ಲಿಸಿದರು. ಸುತ್ತಲ ಹಳ್ಳಿಗಳಲ್ಲೆಲ್ಲ ಒಂದೇ ಬೆಳಿಗ್ಗೆ ಸದ್ದು ನಿಂತಿತು. ಆ ಮೌನದಲ್ಲಿ ನಮಗೆ ಹೇಗಿರಬೇಕೆಂದೇ ತಿಳಿಯಲಿಲ್ಲ. ಮಾತು ಮಾತ್ರ ಮೊದಲಿನ ಹಾಗೇ ಏರುದನಿಯಲ್ಲಿ ಬರುತ್ತಿತ್ತು. ಮಾವ ಊಟಕ್ಕೆ ಕೂತು, "ಸಾಂಬಾರಿಗೆ ಉಪ್ಪಿಲ್ಲ!" ಎಂದರೆ ಆಚೆ ಮನೆಯಾಕೆ ಗೋಡೆಯ ಮೇಲಿಂದ, "ನಮ್ಮನೇದು ತರ್ಲಾ ಮಾಮಾ?" ಎಂದು ಕೇಳಿದಳು. ಮೊದಮೊದಲು ಅದಕ್ಕೆಲ್ಲ ನಕ್ಕೆವು. ವಾರಗಳು ಕಳೆದಂತೆ ನಗು ಕಡಿಮೆಯಾಯಿತು. ಮಾವ ದಿನಾ ಶೆಡ್ಡಿಗೆ ಹೋಗಿ ಓಡದ ಮಗ್ಗಗಳಿಗೆ ಎಣ್ಣೆ ಬಿಟ್ಟು, ಒರೆಸಿ, ಬಾಗಿಲೆಳೆದು ಬರುತ್ತಿದ್ದರು. ನಾನು ತವರಿನ ಬೀದಿಯನ್ನು ನೆನೆದು, ಡಬ್ಬದಲ್ಲಿ ಅಕ್ಕಿ ಎಷ್ಟು ಉಳಿದಿದೆಯೆಂದು ಮತ್ತೆ ಮತ್ತೆ ನೋಡುತ್ತಿದ್ದೆ.

ಒಂದು ಸಂಜೆ ಅತ್ತೆ ಅಕ್ಕಿ ಆರಿಸುತ್ತಾ ತಲೆಯೆತ್ತದೆ ಹೇಳಿದರು: "ನಾಳೆಯಿಂದ ನಾನು ವೇಲೆಗೆ ಹೋಗ್ತೀನಿ. ಮರಿ ಕಂಪನೀಲಿ ಕೆಲಸ ಇದೆ. ಬೀದಿಗೆ ಹೂವು ತರೋಳಿಗೆ ಅಲ್ಲಿ ಗೊತ್ತಿರೋರಿದಾರೆ, ಸೇರಿಸ್ತಾಳಂತೆ."

ಮಾವ ಕುಡಿಯುತ್ತಿದ್ದ ಕಾಪಿ ಲೋಟವನ್ನು ಕೆಳಗಿಟ್ಟರು. ನಮ್ಮದು ಮೊಟ್ಟೆಯ ವಾಸನೆಯನ್ನೂ ಒಳಗೆ ಬಿಡದ ಮನೆ. ಅಂಗಡಿಯಲ್ಲಿ ಮೊಟ್ಟೆ ಇಟ್ಟ ಕಡೆ ಮಾವ ಬಿಸ್ಕತ್ತು ಕೂಡ ಕೊಳ್ಳುತ್ತಿರಲಿಲ್ಲ.

"ಮೊಟ್ಟೆ ಮುಟ್ಟೋ ಕೈಯಲ್ಲಿ ನಮ್ಮನೇಲಿ ದೀಪ ಹಚ್ತೀಯಾ?" ಎಂದರು.

"ನಾನೇನು ತಿನ್ನಕ್ಕೆ ಹೋಗ್ತಿದೀನಾ? ಮರಿ ಮಾಡಕ್ಕೆ ಹೋಗ್ತಿದೀನಿ. ಉಸಿರು ಬರೋದಕ್ಕೆ ಕೈ ಕೊಟ್ರೆ ಯಾವ ದೇವರು ಬೇಡ ಅಂತಾನೆ?"

ಮಾವ ಲೋಟವನ್ನು ಅಲ್ಲೇ ಬಿಟ್ಟು ಜಗಲಿಗೆ ಎದ್ದುಹೋದರು. ನಮ್ಮವರು ನನ್ನ ಮುಖ ನೋಡಿದರು. ನಾನು ಮಗಳ ತಲೆ ಬಾಚುವ ನೆಪದಲ್ಲಿ ಮುಖ ತಿರುಗಿಸಿಕೊಂಡೆ, ನಗು ಬರುತ್ತಿತ್ತು.

ಮರುದಿನ ಅತ್ತೆ ಹಳೆಯ ಟಿಫಿನ್ ಡಬ್ಬಿ ಹಿಡಿದು ಬೀದಿಯ ತಿರುವಿನಲ್ಲಿ ನಿಂತರು. ಐವತ್ತು ದಾಟಿದ ಹೆಂಗಸು, ಮನೆ ಬಿಟ್ಟು ಕೆಲಸಕ್ಕೆ ಹೋದದ್ದೇ ಇಲ್ಲ. ವ್ಯಾನು ಬಂತು. ಡ್ರೈವರು ತಮಿಳಿನಲ್ಲಿ, "ವಾಂಗಮ್ಮಾ, ಏರುಂಗ" ಎಂದು ಬಾಗಿಲು ತೆರೆದ. ಅತ್ತೆ ಸೆರಗು ಬಿಗಿದು ಹತ್ತಿದರು. ಒಳಗಿದ್ದ ಹೆಂಗಸರು ಸರಿದು ಜಾಗ ಕೊಟ್ಟರು. ವ್ಯಾನು ಮರೆಯಾಗುವವರೆಗೂ ನಾನು ಅಲ್ಲೇ ನಿಂತಿದ್ದೆ.

ಸಂಜೆ ಬಂದವರೇ ಹಿತ್ತಲಲ್ಲಿ ತಲೆಗೆ ಸ್ನಾನ ಮಾಡಿ, ಸೀರೆ ಒಗೆದು ಹಾಕಿ, ಆಮೇಲೆ ಒಳಗೆ ಬಂದು ದೀಪ ಹಚ್ಚಿದರು. ಮಾವ ಜಗಲಿಯಲ್ಲಿ ಬೆನ್ನು ತಿರುಗಿಸಿ ಕೂತಿದ್ದರು. ಅತ್ತೆ ನನಗೆ ಹೇಳುವ ಹಾಗೆ, ಆದರೆ ಜಗಲಿಗೂ ಕೇಳಿಸುವಂತೆ ಹೇಳತೊಡಗಿದರು. ವ್ಯಾನಿನಲ್ಲಿ ಹೆಂಗಸರೆಲ್ಲ ಸರಿದು ಕೂರಿಸಿಕೊಂಡರಂತೆ. ಕಂಪನಿಯ ಒಳಗೆ ಹೋಗುವ ಮೊದಲು ಅಲ್ಲೇ ಸ್ನಾನ ಮಾಡಿಸಿ ಕಂಪನಿ ಬಟ್ಟೆ ಕೊಡುತ್ತಾರಂತೆ. ದೊಡ್ಡ ಬೀರುವಿನಂಥ ಯಂತ್ರಗಳಲ್ಲಿ ಮೊಟ್ಟೆಗಳು ಬೆಚ್ಚಗಿರುತ್ತವಂತೆ. ಮೊಟ್ಟೆಯೊಡೆದು ಮರಿ ಬರುವ ದಿನ ತಟ್ಟೆ ಹೊರಗೆಳೆದರೆ ಕೋಣೆ ತುಂಬ ಚಿಲಿಪಿಲಿಯಂತೆ. ಮರಿಗಳ ನಯವಾದ ಪುಕ್ಕ ಶೆಡ್ಡಿನ ನೂಲುದೂಳಿನ ಹಾಗೇ ಗಾಳಿಯಲ್ಲಿ ಹಾರಾಡುತ್ತದಂತೆ.

"ಕೈಯಲ್ಲಿಟ್ಕೊಂಡ್ರೆ ಬಿಸಿ ಇಡ್ಲಿ ಹಾಗೆ ಇರತ್ತೆ ಕಣೇ" ಎಂದು ಅಂಗೈ ಚಾಚಿ ತೋರಿಸಿದರು. ಅವರ ಮುಖದಲ್ಲಿ ಅಂಥ ಬೆಳಕನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಅತ್ತೆ ದಾರಿ ತೋರಿಸಿದ ಮೇಲೆ ನಮಗೂ ಧೈರ್ಯ ಬಂತು. ನಮ್ಮವರು ಕೊಯಮತ್ತೂರಿನ ಕಡೆ ಒಂದು ಸಣ್ಣ ಕಾರ್ಖಾನೆಯಲ್ಲಿ ಮೋಟಾರಿಗೆ ತಾಮ್ರದ ತಂತಿ ಸುತ್ತುವ ಕೆಲಸಕ್ಕೆ ಸೇರಿದರು. ನೂಲು ಹಿಡಿದು ಪಳಗಿದ ಬೆರಳಿಗೆ ತಂತಿ ಬೇಗ ಒಗ್ಗಿತು. ತಿರುಪ್ಪೂರಿನಿಂದ ಬನಿಯನ್ನುಗಳ ಮೂಟೆ ಮನೆಗೇ ಬರುತ್ತಿತ್ತು. ಹೆಚ್ಚುವರಿ ದಾರ ಕತ್ತರಿಸಿ ಮಡಚಿಡುವುದು ನನ್ನ ಪಾಲಿಗೆ. ಮನೆಯಲ್ಲಿ ಅಡುಗೆ ಹೊತ್ತಿಗೆ ಸರಿಯಾಗಿ ಆಗತೊಡಗಿತು. ಹಾಲಿನವನಿಗೆ ಬೇಡವೆಂದು ಹೇಳುವುದು ನಿಂತಿತು.

ಕಷ್ಟವೆಲ್ಲ ಮಾವನಿಗೇ. ಅತ್ತೆಯೂ ನಮ್ಮವರೂ ಹೊರಟ ಮೇಲೆ ಅವರು ಸುಮ್ಮನಿದ್ದ ಶೆಡ್ಡಿನ ಬಾಗಿಲಲ್ಲಿ ಕೂತಿರುತ್ತಿದ್ದರು. ಒಂದು ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಒಲೆಯ ಮುಂದೆ ನಿಂತಿದ್ದರು. ಹಾಲು ಉಕ್ಕಿ ಒಲೆಯೆಲ್ಲ ರಾಡಿ. "ಅವಳಿಗೆ ವ್ಯಾನು ಬೇಗ ಬರತ್ತೆ" ಎಂದರು, ನನ್ನ ಕಡೆ ನೋಡದೆ. ಅತ್ತೆ ಬಂದು ಆ ಕಾಪಿ ಕುಡಿದು, "ಸಕ್ಕರೆ ಜಾಸ್ತಿ" ಎಂದರು. ಮರುದಿನ ಸಕ್ಕರೆ ಸರಿಯಾಗಿತ್ತು. ಅದರ ಮುಂದಿನ ವಾರ ಮಾವ ಅತ್ತೆಯ ಡಬ್ಬಿಯನ್ನು ತಾವೇ ಹಿಡಿದು ತಿರುವಿನವರೆಗೂ ನಡೆದರು. ಸಂಜೆ ಜಗಲಿಯಿಂದಲೇ ಕೇಳಿದರು:

"ಇವತ್ತು ಮರಿ ಚೆನ್ನಾಗಿ ಬಂತಾ?"

"ಬಂತು. ಒಂದು ಮಾತ್ರ ಏಳಲೇ ಇಲ್ಲ. ಬೆಚ್ಚಗೆ ಇಟ್ಟು ಬಂದಿದೀನಿ."

"ನಾಳೆ ಹೋದ ಕೂಡ್ಲೆ ನೋಡು" ಎಂದರು ಮಾವ.

ಕೊನೆಗೆ ಮಾತುಕತೆಯಾಗಿ, ಕೂಲಿ ಸ್ವಲ್ಪ ಏರಿ, ಮಗ್ಗಗಳು ಮತ್ತೆ ಓಡಿದವು. ಅಷ್ಟರಲ್ಲಿ ಕೆಲವರು ಮಗ್ಗಗಳನ್ನು ಹಳೆ ಕಬ್ಬಿಣಕ್ಕೆ ಹಾಕಿಬಿಟ್ಟಿದ್ದರು. ಆ ಮನೆಗಳ ಮುಂದೆ ಹಾದುಹೋಗುವಾಗ ಈಗಲೂ ಮನಸ್ಸು ಹಿಂಡುತ್ತದೆ. ನಮ್ಮಲ್ಲಿ ಮಾವ ಊದುಬತ್ತಿ ಹಚ್ಚಿ ಸ್ವಿಚ್ಚು ಹಾಕಿದರು. ಅತ್ತೆ ಇನ್ನು ಕಂಡಿಕೆ ಸುತ್ತಲು ಕೂರುತ್ತಾರೆ ಎಂದೇ ನಾವೆಲ್ಲ ಅಂದುಕೊಂಡಿದ್ದೆವು. ಅವರು ಡಬ್ಬಿ ತೊಳೆದು ಒರೆಸುತ್ತಿದ್ದರು.

"ತರಿ ಓಡಲಿ, ಸಂತೋಷ. ನಾನು ವೇಲೆಗೆ ಹೋಗೋದು ನಿಲ್ಲಲ್ಲ" ಎಂದರು.

"ಹಂಗಾದ್ರೆ ಕಂಡಿಕೆ ಯಾರು ಸುತ್ತೋದು?" ಎಂದು ಮಾವ ಕೇಳಿದರು.

"ನೀವು ಸುತ್ತಿ. ಕುರ್ಚಿ ಇದೆ, ಫ್ಯಾನ್ ಇದೆ."

ಮಾವ ಸುತ್ತಿದರು. ಮೊದಲ ದಿನ ಗೊಣಗಿಕೊಂಡು, ಆಮೇಲೆ ರೇಡಿಯೋ ಹಚ್ಚಿಕೊಂಡು. ನಮ್ಮವರೂ ತಂತಿಯ ಕೆಲಸ ಬಿಡಲಿಲ್ಲ. ಮಗ್ಗ ನೋಡಿಕೊಳ್ಳಲು ಒಡಿಶಾದಿಂದ ಬಂದ ಗಂಡ ಹೆಂಡತಿ ಸಿಕ್ಕರು. ನಮ್ಮ ಶೆಡ್ಡಿನ ಸದ್ದಿನಲ್ಲಿ ಅವರ ಭಾಷೆಯೂ ಸೇರಿತು.

ಈ ಏರ್ಪಾಡು ಎಷ್ಟು ಒಳ್ಳೆಯದೆಂದು ತಿಳಿದದ್ದು ಕೋಳಿಗೆ ಬೇಡಿಕೆ ಕುಸಿದ ವರ್ಷ. ಮರಿ ಕಂಪನಿಯವರು ಅತ್ತೆಯನ್ನೂ ಇನ್ನು ಕೆಲವರನ್ನೂ ಕರೆದು, ಸದ್ಯಕ್ಕೆ ಬರಬೇಡಿ, ಹೇಳಿಕಳಿಸುತ್ತೇವೆ ಎಂದರು. ಅತ್ತೆ ಮುಖ ಸಣ್ಣದು ಮಾಡಿಕೊಂಡು ಬಂದರು. ಆದರೆ ಆ ತಿಂಗಳುಗಳಲ್ಲಿ ಮಗ್ಗಗಳು ಚೆನ್ನಾಗಿ ಓಡುತ್ತಿದ್ದವು. ಬೇಸಿಗೆ ಬಂದು ಬೋರ್‌ವೆಲ್ ಮೋಟಾರುಗಳಿಂದ ನಮ್ಮವರಿಗೂ ಕೈತುಂಬ ಕೆಲಸವಿತ್ತು. ಮನೆ ಒಂದು ಕಡೆ ವಾಲಿದರೂ ಬೀಳಲಿಲ್ಲ. ಅಂಗಡಿಯವರು ಸಾಮಾನು ಕಟ್ಟುವಾಗ ಮಾತಿಗೆ ಮಾತು ಬಂದು ಇದನ್ನೇ ಹೇಳಿದೆ. ಅವರು, "ಇಲ್ಲಿ ಒಂದು ಬೀದಿಗೆ ಅಮಾವಾಸ್ಯೆ ಅಂದ್ರೆ ಇನ್ನೊಂದು ಬೀದಿಗೆ ಹುಣ್ಣಿಮೆ ಇರುತ್ತಮ್ಮಾ. ಇಲ್ಲಾಂದ್ರೆ ನಾನು ಯಾವತ್ತೋ ಬಾಗಿಲು ಹಾಕ್ತಿದ್ದೆ" ಎಂದರು. ಅವತ್ತು ಮನೆಗೆ ಬರುವ ದಾರಿಯಲ್ಲಿ ತವರಿನ ಬೀದಿಯನ್ನು ನೆನೆದೆ. ಅಲ್ಲಿಯವರೇನೂ ಸೋಮಾರಿಗಳಲ್ಲ. ಒಂದು ಬಾಗಿಲು ಮುಚ್ಚಿದಾಗ ತಟ್ಟಲು ಇನ್ನೊಂದು ಬಾಗಿಲು ಇರಲಿಲ್ಲ, ಅಷ್ಟೇ.

ಈ ಊರಿನ ಎಲ್ಲವೂ ಚಿನ್ನವೆಂದು ನಾನು ಹೇಳುವುದಿಲ್ಲ. ಇಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ನೀರು ಕುಡಿದು ಹಾಳಾದ ಬಾವಿಗಳಿವೆ. ನಿಂತೂ ನಿಂತೂ ಕಾಲು ಊದಿದ ಹೆಣ್ಣುಮಕ್ಕಳಿದ್ದಾರೆ. ಆದರೂ ಈ ನೆಲ ನಮ್ಮನ್ನು ಕೈಬಿಡಲಿಲ್ಲ ಎಂಬುದನ್ನು ಮರೆತರೆ ನನಗೆ ಅನ್ನ ದಕ್ಕದು.

ಮರಿ ಕಂಪನಿಯವರು ಅತ್ತೆಯನ್ನು ಮತ್ತೆ ಕರೆದರು. ಮಂಡಿ ನೋವು ಜಾಸ್ತಿಯಾಗುವವರೆಗೂ ಹೋದರು. ಹೋದ ವರ್ಷ ಕೆಲಸ ಬಿಟ್ಟಾಗ, ಜೊತೆಗಿದ್ದ ಹೆಂಗಸರೆಲ್ಲ ಒಂದು ಭಾನುವಾರ ಮನೆಗೆ ಬಂದರು. ಕೆಲಸ ಬಿಟ್ಟು ಧಾರಾಪುರದ ಕಡೆ ಹೋಗಿದ್ದ ಒಬ್ಬಾಕೆಯೂ ಎರಡು ಬಸ್ಸು ಬದಲಿಸಿ ಬಂದಿದ್ದಳು. ನಾನು ಒಬ್ಬಟ್ಟು ಮಾಡಿದ್ದೆ. ಜಗಲಿಯಲ್ಲಿ ಸಾಲಾಗಿ ಬಾಳೆಲೆ ಹಾಕಿದೆವು. ತಮಿಳು, ಕನ್ನಡ, ತೆಲುಗು ಎಲ್ಲ ಕಲೆತು ಒಂದೇ ಗಲಾಟೆ.

ಬಡಿಸಲು ನಾನು ತುಪ್ಪದ ಪಾತ್ರೆ ಎತ್ತಿಕೊಂಡರೆ ಮಾವ ಅದನ್ನು ಕೈಯಿಂದ ತೆಗೆದುಕೊಂಡರು. ಬಗ್ಗಿ ಬಗ್ಗಿ ಒಬ್ಬೊಬ್ಬರ ಎಲೆಗೂ ತುಪ್ಪ ಬಿಟ್ಟರು. ಧಾರಾಪುರದಾಕೆ ಸಾಕೆಂದು ಸಂಕೋಚದಿಂದ ಎಲೆಯ ಮೇಲೆ ಕೈ ಅಡ್ಡ ಹಿಡಿದು, "ಪೋದುಂ ಅಯ್ಯಾ, ಪೋದುಂ" ಎಂದಳು.

"ಕೈ ತೆಗಿ ತಾಯಿ" ಎಂದರು ಮಾವ ಕನ್ನಡದಲ್ಲೇ. "ಆವತ್ತು ವ್ಯಾನಲ್ಲಿ ಇವಳಿಗೆ ಸರಿದು ಜಾಗ ಕೊಟ್ರಲ್ಲ ನೀವೆಲ್ಲ."

ಅವಳಿಗೆ ಮಾತು ಪೂರ್ತಿ ಅರ್ಥವಾಯಿತೋ ಇಲ್ಲವೋ. ಕೈ ತೆಗೆದಳು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಒಬ್ಬಟ್ಟು ಮುರಿದು ಮೊದಲ ತುತ್ತು ಬಾಯಿಗಿಟ್ಟರು.