ಶಿವರಾತ್ರಿಯ ದಿನ ತಪ್ಪಿದ ಸೂಜಿ

ಖಣ್, ಖಣ್. ಕುದಿಯುವ ನೀರಿನಲ್ಲಿ ಗಾಜಿನ ಸಿರಿಂಜ್ ಪಾತ್ರೆಯ ಅಂಚಿಗೆ ಬಡಿಯುವ ಆ ಸದ್ದು ಇಂದಿಗೂ ನನ್ನ ಕಿವಿ ಬಿಟ್ಟಿಲ್ಲ. ಎರಡನೆಯ ಮಹಾಯುದ್ಧದ ಕಾಲ, ನಾವಿದ್ದದ್ದು ಆದೋನಿ ಹತ್ತಿರದ ಆಸ್ಪರಿಯಲ್ಲಿ. ತಂಗಿ ಗೌರಿಗೆ ಹತ್ತು ವರ್ಷಕ್ಕೇ ಸಕ್ಕರೆ ಕಾಯಿಲೆ. ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿ ಬಂದ ನಾನೇ ಮನೆಯ ನರ್ಸ್. ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚುತ್ತಿದ್ದೆ.

ಶಿವರಾತ್ರಿಗೆ ಗೌರಿಯೂ ಉಪವಾಸದ ಹಟ ಹಿಡಿದಳು. ಅಜ್ಜಿ ಅಂದರು, "ಕೂಸು ಬಾಯಿಗೆ ಏನೂ ಹಾಕ್ಕೊಳ್ಳಂಗಿಲ್ಲ. ಮತ್ತ ಸಕ್ರಿ ಎಲ್ಲಿಂದ ಬರ್ತೈತಿ? ಇವತ್ತರ ಸೂಜಿ ಬಿಡವಾ."

ನನ್ನ ಫಸ್ಟ್ ಕ್ಲಾಸ್ ಬುದ್ಧಿಗೂ ಆ ಲಾಜಿಕ್ ಸರಿ ಕಂಡಿತು.

"ಅಕ್ಕಾ, ಇವತ್ತು ಸೂಜಿಗೆ ರಜಾನಾ?"

"ಹೌದು, ಹಾಲಿಡೇ!" ಅಂದೆ. ಮಗು ಕುಣಿದಾಡಿತು.

ಮರುದಿನ ಬೆಳಿಗ್ಗೆ ಬರೀ ವಾಂತಿ, ಓಡಿ ಬಂದವಳಂತೆ ಉದ್ದುದ್ದ ಉಸಿರು. ಬಾಯಲ್ಲಿ ಕಳಿತ ಹಣ್ಣಿನ ವಾಸನೆ. ಅಜ್ಜಿ ಕೈಮುಗಿದರು, "ನೋಡ್ರಿ, ಶ್ರೀಶೈಲದ ಮಲ್ಲಯ್ಯ ಕೂಸಿನ ಬಾಯಾಗ ಬಂದಾನ!" ಊದಿನಕಡ್ಡಿ ಹಚ್ಚಿ ಆರತಿ ಎತ್ತುವುದರಲ್ಲಿ ಒಂದು ತಾಸು ಹೋಯಿತು.

ಅಪ್ಪ ಹತ್ತಿ ಲಾರಿಯೊಂದನ್ನು ನಿಲ್ಲಿಸಿ ನಮ್ಮಿಬ್ಬರನ್ನೂ ಆದೋನಿಯ ಆಸ್ಪತ್ರೆಗೆ ಒಯ್ದರು. ಡಾಕ್ಟರು ಅವಳ ಬಾಯಿ ಮೂಸಿದವರೇ ಕೇಳಿದರು, "ಸೂಜಿ ನಿಲ್ಲಿಸಿದವರು ಯಾರಮ್ಮಾ?"

"ಉಪವಾಸ ಇದ್ದಳು ಸಾರ್... ಈ ವಾಸನೆ ಮಲ್ಲಯ್ಯನ ಪ್ರಸಾದ ಅಂತ ಅಜ್ಜಿ..."

"ಊಟ ಬಿಟ್ರ ಸಕ್ರಿ ನಿಲ್ತೈತೇನು? ಲಿವರ್ ತಾನೇ ತಯಾರಿಸಿ ರಕ್ತಕ್ಕ ಸುರೀತೈತಿ. ಇನ್ಸುಲಿನ್ ಇಲ್ದ ಅದು ಮೈಗೆ ಹತ್ತಂಗಿಲ್ಲ. ಹಸಿದ ಮೈ ತನ್ನ ಕೊಬ್ಬು ತಾನೇ ಸುಡ್ತೈತಿ. ಆಗ ಹುಟ್ಟೋ ಕೀಟೋನ್ ವಾಸನಿ ಇದು. ವಿಷ, ತಾಯಿ. ಪ್ರಸಾದ ಅಲ್ಲ."

ನಾನು ತಂದ ಬಾಟಲಿಯಲ್ಲಿ ಉಳಿದದ್ದು ಎರಡು ಹೊತ್ತಿನಷ್ಟು. ಈಗ ಬೇಕಾದದ್ದು ತಾಸಿಗೊಮ್ಮೆ. ಯುದ್ಧದ ಅಭಾವದಲ್ಲಿ ಆಸ್ಪತ್ರೆಯಲ್ಲಿಯೂ ಸ್ಟಾಕ್ ಇರಲಿಲ್ಲ. ಗೌರಿ ಕರೆದರೆ ಕಣ್ಣು ಬಿಡುತ್ತಿರಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಬೇಡಿದೆ: "ಮಲ್ಲಯ್ಯಾ, ಅವಳ ಉಸಿರೊಂದು ಉಳಿಸು. ಜನ್ಮದಲ್ಲಿ ಇನ್ನೇನೂ ಕೇಳೆ."

ಮಧ್ಯಾಹ್ನ ಪೋಸ್ಟ್‌ಮ್ಯಾನ್ ಬಂದ. ಆಸ್ಪತ್ರೆಯವರು ವಾರಗಟ್ಟಲೆ ದಾರಿ ನೋಡಿದ್ದ ಮದ್ರಾಸಿನ ಪಾರ್ಸೆಲ್ ಅವನ ಕೈಯಲ್ಲಿತ್ತು. ಇನ್ಸುಲಿನ್! ಮೂರನೆಯ ದಿನ ಗೌರಿ ಗಂಜಿ ಕೇಳಿದಳು.

ಭಕ್ತ ಬಂಧುಗಳೇ, ಮಲ್ಲಯ್ಯ ಕೇಳಿಸಿಕೊಳ್ಳುತ್ತಾನೆ, ಡೌಟ್ ಬೇಡ. ಅಕ್ಷರ ಅಕ್ಷರವೂ ಕೇಳಿಸಿಕೊಳ್ಳುತ್ತಾನೆ. ಉಸಿರು ಕೇಳಿದೆ, ಉಸಿರು ಕೊಟ್ಟ. ಅವಳ ಕ್ಷಮೆಯನ್ನೂ ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ. ಆಮೇಲೆ ಗೌರಿ ತನ್ನ ಸೂಜಿ ತಾನೇ ಚುಚ್ಚಿಕೊಳ್ಳಲು ಕಲಿತಳು. ನನ್ನನ್ನು ಹತ್ತಿರ ಬಿಡಲಿಲ್ಲ. ಇನ್ನೇನೂ ಕೇಳೆನೆಂದು ಮಾತು ಕೊಟ್ಟವಳು ನಾನು, ಇಂದಿಗೂ ಕೇಳಿಲ್ಲ. ಕೈಮುಗಿದು ಥ್ಯಾಂಕ್ಸ್ ಮಾತ್ರ ಹೇಳುತ್ತೇನೆ.

ಗೌರಿ ಮದುವೆಯಾಗಿ ಗಂಡನ ಮನೆಗೆ ಹೊರಟಾಗ, ಆದೋನಿ ಸ್ಟೇಷನ್ನಿನಲ್ಲಿ ಅವಳನ್ನು ಕೊನೆಯ ಸಲ ಕಂಡೆ. ಅವಳು ರೈಲು ಹತ್ತುವಾಗ ಸಿರಿಂಜಿನ ಡಬ್ಬಿಗೆ ಕೈ ಚಾಚಿದೆ, "ತಾ, ಹಿಡ್ಕೊಳ್ತೀನಿ."

"ಬ್ಯಾಡಕ್ಕಾ," ಅಂದಳು, ನಗುತ್ತಲೇ. "ನಿನ್ನ ಕೈಗೆ ಕೊಟ್ರ ಮತ್ತ ರಜಾ ಕೊಟ್ಟೀಯ."

ರೈಲು ಹೊರಟಿತು. ಕಿಟಕಿಯಲ್ಲಿ ಅವಳು ಕೈ ಬೀಸಲಿಲ್ಲ; ಎರಡೂ ಕೈ ಡಬ್ಬಿಯ ಮೇಲಿದ್ದವು.