ಕೆರೆಯೊಳಗಿನ ಬಾವಿ ಮತ್ತು ಒಂದು ಕೊರಮೀನು

2023ರ ಜನವರಿಯ ಒಂದು ಸೋಮವಾರ, ಬೆಳಗಿನ ಹತ್ತರ ಸುಮಾರಿಗೆ, ಮೊಳಕಾಲ್ಮೂರು ಕಡೆಯ ನಮ್ಮ ಊರಿನ ಕೆರೆಯಲ್ಲಿ ನನ್ನ ಗಾಳಕ್ಕೆ ಬಿದ್ದಿದ್ದ ಬೆರಳುದ್ದದ ಗೆಂಡೆಮೀನನ್ನು ಒಂದು ಕೊರಮೀನು ನುಂಗಿತು. ಅದನ್ನು ದಡಕ್ಕೆ ಎಳೆದವಳು ಅವ್ವ. ಆಗ ಅವಳಿಗೆ ಅರವತ್ತು ದಾಟಿತ್ತು. ಇನ್ನು ಕೆರೆಯಲ್ಲಿ ಗಾಳ ಹಾಕಕೂಡದೆಂದು ಎರಡು ದಿನ ಮುಂಚೆಯಷ್ಟೇ ಅವಳಿಗೆ ತಾಕೀತಾಗಿತ್ತು.

ಆ ಕೆರೆ ಹಿಂದಿನ ಮಳೆಗಾಲದಲ್ಲಿ ಕೋಡಿ ಬಿದ್ದಿತ್ತು. ಅದಕ್ಕೂ ಮುಂಚೆ ಬಹಳ ವರ್ಷ ನೀರೇ ನಿಂತಿರಲಿಲ್ಲ. ಊರಿನವರು ಕೆರೆಯಂಗಳದಲ್ಲಿ ಶೇಂಗಾ, ಈರುಳ್ಳಿ ಬೆಳೆದರು. ಒಬ್ಬರು ಬಾವಿಯನ್ನೂ ತೋಡಿಸಿದರು. ಕೆರೆ ತುಂಬಿದಾಗ ಹೊಲ, ಬದು, ಬಾವಿ ಎಲ್ಲ ಮುಳುಗಿದವು. ಮೀನಿನ ಗುತ್ತಿಗೆ ಹಿಡಿದವರೊಬ್ಬರು ಕಾಟ್ಲಾ, ರೋಹು ಮರಿ ತಂದು ಬಿಟ್ಟರು. ನಮ್ಮ ಮನೆಯಲ್ಲಿ ಕೋಳಿ ಮುಟ್ಟುವುದಿಲ್ಲ, ಮೀನು ತಿನ್ನುತ್ತೇವೆ. ನೀರು ಬಂದ ತಿಂಗಳಿಂದ ಅವ್ವ ಬಿದಿರುಕೋಲು, ಎರೆಹುಳು ಹಿಡಿದು ಏರಿ ಹತ್ತುತ್ತಿದ್ದಳು. ಸಾರಿಗೆ ಆಗುವಷ್ಟು ಗೆಂಡೆ ಸಿಕ್ಕರೆ ಎದ್ದು ಬರುತ್ತಿದ್ದಳು.

ಶನಿವಾರ ಗುತ್ತಿಗೆದಾರರು ಪರೀಕ್ಷೆಗೆಂದು ಬಲೆ ಎಳೆಸಿದರು. ಬಿಟ್ಟ ಮರಿಗೂ ಬಲೆಗೆ ಬಿದ್ದ ಮರಿಗೂ ಲೆಕ್ಕ ತಾಳೆಯಾಗಲಿಲ್ಲ. ಅವರ ಮನೆಮಾತು ತೆಲುಗು. ಅವರು ನೇರವಾಗಿ ಅವ್ವನ ಹತ್ತಿರ ಬಂದರು.

"ಚೂಡಮ್ಮಾ, ನೋಡು, ನಾ ಬಿಡೋದು, ನೀ ಹಿಡಿಯೋದು. ಇದು ಹೆಂಗೆ ನಡೀತೈತೆ?"

"ನಾನು ಹಿಡಿಯೋದು ಗೆಂಡೆ. ನಿನ್ನ ಮರಿ ನನ್ನ ಗಾಳಕ್ಕೆ ಬಂದಿಲ್ಲ."

"ಬೆಕ್ಕು ಹಾಲು ಕುಡಿದಿಲ್ಲ ಅಂತ ಹೇಳ್ದಂಗಾತು."

ಅವರು ಅವಳ ಕೋಲನ್ನು ಮೊಣಕಾಲಿಗೆ ಕೊಟ್ಟು ಮುರಿದು ನೀರಿಗೆ ಎಸೆದರು. ಮತ್ತೆ ಗಾಳ ಕಂಡರೆ ಪಂಚಾಯಿತಿಗೆ ಎಳೆಯುತ್ತೇನೆ ಎಂದರು. ಏರಿಯ ಮೇಲೆ ಹತ್ತಾರು ಜನ ಇದ್ದರು. ಸಂಜೆಯೊಳಗೆ ಊರಿನಲ್ಲಿ ಅವಳಿಗೆ 'ಮರಿಕಳ್ಳಿ' ಎಂಬ ಹೆಸರು ಬಿದ್ದಿತ್ತು.

ನಾನು ಚಳ್ಳಕೆರೆಯಲ್ಲಿದ್ದು ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ಭಾನುವಾರ ಬಸ್ಸಿಗೆ ಊರಿಗೆ ಹೋದೆ. ಗುತ್ತಿಗೆ ಪತ್ರದ ಪ್ರತಿ ಓದಿದೆ. ಕೆರೆಯ ಮೀನೆಲ್ಲ ಗುತ್ತಿಗೆದಾರರದು ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಸ್ವಲ್ಪ ದಿನ ಸುಮ್ಮನಿರುವುದು ಒಳ್ಳೆಯದು ಎಂದು ಅವ್ವನಿಗೆ ಹೇಳಿದೆ.

"ಆ ಕಾಗದದಾಗೆ ಬಾವಿ ಐತಾ?" ಎಂದಳು.

ಇಲ್ಲ ಎಂದೆ.

"ಹಂಗಾರೆ ಅದು ಕೆರೆ ನೋಡದೋರು ಬರೆದ ಕಾಗದ. ಬಾವ್ಯಾಗೆ ಕೊರಮೀನು ಇದ್ವು. ಮಧ್ಯಾನ್ನ ಬಾಯಿ ತಕ್ಕೊಂಡು ಗಾಳಿ ಕುಡಿಯಾಕೆ ಮ್ಯಾಕೆ ಬರೋವು. ನೀರು ಬಂದ ಮ್ಯಾಲೆ ಅವು ಎಲ್ಲಿಗೆ ಹೋದ್ವು, ಊಟಕ್ಕೆ ಏನು ಮಾಡ್ತಾವೆ, ಯಾರನ್ನಾರ ಕೇಳಿದ್ನಾ ಅವ್ನು?"

ಬಾವಿಯ ನೀರನ್ನು ಈರುಳ್ಳಿ ಮಡಿಗಳಿಗೆ ಹಾಯಿಸುವ ಕೂಲಿ ಐದು ವರ್ಷ ಅವಳದೇ ಆಗಿತ್ತು. ಆ ಅಂಗಳದ ತಗ್ಗು ದಿಣ್ಣೆ ಅವಳ ಕಾಲಿಗೆ ಗೊತ್ತಿತ್ತು.

ಸೋಮವಾರ ಎರಡು ಹೊಸ ಕೋಲು ಕಡಿದುಕೊಂಡು ಹೋದೆವು. ತೂಬಿನ ಕಲ್ಲುಕಂಬವನ್ನೂ ಎದುರು ದಡದ ಜಾಲಿಮರವನ್ನೂ ಒಂದೇ ಗೆರೆಗೆ ತಂದುಕೊಂಡು ಅವ್ವ ನೀರಿಗಿಳಿದಳು. ಮೊಣಕಾಲುದ್ದ ನೀರಿನಲ್ಲಿ ನಿಂತಳು, ನಾನು ಅವಳ ಬಲಕ್ಕೆ ನಿಂತೆ. ಮುಳುಗಿದ ಹೊಲದ ಬದುವಿನ ಮೇಲೆ ನಿಂತಿದ್ದೇನೆ, ಬಾವಿ ಎಡಕ್ಕೆ ಎರಡು ಮಾರು, ಅತ್ತ ಕಾಲಿಡಬೇಡ ಎಂದಳು. ನನಗೆ ಕಾಣುತ್ತಿದ್ದದ್ದು ಕೆಂಪು ನೀರು ಮಾತ್ರ.

ಒಂದು ಗಂಟೆ ಏನೂ ಆಗಲಿಲ್ಲ. ಆಮೇಲೆ ನನ್ನ ಗಾಳಕ್ಕೆ ಗೆಂಡೆ ಬಿತ್ತು. ಎತ್ತುತ್ತಿದ್ದಂತೆ, ಗೆಂಡೆ ಇನ್ನೂ ನೀರಿನ ಮಟ್ಟದಲ್ಲಿರುವಾಗ, ಕೆಳಗಿನಿಂದ ಒಂದು ಕಪ್ಪು ತಲೆ ಮೇಲೆ ಬಂತು. ಅಗಲವಾದ, ಹಾವಿನಂಥ ತಲೆ. ಗೆಂಡೆ ಕಾಣೆಯಾಯಿತು. ಕೋಲಿನ ತುದಿ ನೀರಿಗೆ ಬಡಿಯಿತು. ನಾನು ಹಿಂದಕ್ಕೆ ಕೂತುಬಿಟ್ಟೆ. ಅವ್ವ ತನ್ನ ಕೋಲು ಬಿಸಾಕಿ ನನ್ನ ದಾರವನ್ನು ಸೆರಗು ಹೊದಿಸಿದ ಕೈಗೆ ಸುತ್ತಿಕೊಂಡು, ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ ಅದನ್ನು ಮಣ್ಣಿಗೆ ತಂದಳು. ಗಾಳ ಬಿಡಿಸಲು ಹೋದ ನನ್ನ ಹೆಬ್ಬೆರಳಿಗೆ ಅದರ ಹಲ್ಲು ತಾಗಿ ರಕ್ತ ಬಂತು. ಮೀನು ಮೊಳಕ್ಕಿಂತ ಸ್ವಲ್ಪ ಉದ್ದವಿತ್ತು.

ಮನೆಗೆ ಹೋಗೋಣವೆಂದೆ. ಅವಳು ಒಪ್ಪಲಿಲ್ಲ. "ಅವ್ನಿಗೆ ಫೋನ್ ಮಾಡು. ಗಾಳ ಹಾಕೀವಿ, ಬಾ ಅನ್ನು."

ಗುತ್ತಿಗೆದಾರರು ಬೈಕಿನಲ್ಲಿ ಬಂದರು. ಅಷ್ಟರಲ್ಲಿ ಏರಿಯ ಮೇಲೆ ಶನಿವಾರಕ್ಕಿಂತ ಹೆಚ್ಚು ಜನ ಸೇರಿದ್ದರು. ಅವ್ವ ಚಪ್ಪಡಿ ಕಲ್ಲಿನ ಮೇಲೆ ಮೀನನ್ನು ಇಟ್ಟು, ಅವರು ಬಾಯಿ ತೆರೆಯುವ ಮುಂಚೆ ಕುಡುಗೋಲಿನಿಂದ ಹೊಟ್ಟೆ ಸೀಳಿದಳು. ನನ್ನ ಗೆಂಡೆ ಇಡಿಯಾಗಿ ಹೊರಗೆ ಬಂತು. ಅದರ ಹಿಂದೆ ನಾಲ್ಕು ಮರಿ. ಒಂದು ಅರ್ಧ ಕರಗಿತ್ತು. ಉಳಿದ ಮೂರರ ದಪ್ಪ ತಲೆ ನೋಡಿದರೆ ಕಾಟ್ಲಾ ಎಂದು ಯಾರಿಗಾದರೂ ತಿಳಿಯುತ್ತಿತ್ತು.

"ಯಾರವಪ್ಪ ಇವು?" ಎಂದಳು ಅವ್ವ.

ಗುತ್ತಿಗೆದಾರರು ಬಗ್ಗಿ ಒಂದನ್ನು ಕಡ್ಡಿಯಲ್ಲಿ ಹೊರಳಿಸಿ ನೋಡಿದರು. "ನಾ ಕೊರಮೀನು ಬಿಟ್ಟಿಲ್ಲ," ಎಂದರು.

"ಇದು ಮುಳುಗಿದ ಬಾವ್ಯಾಗಿಂದು. ನೀನು ಬಿಡೋದಕ್ಕೆ ಮುಂಚೆ ಕೆರೆ ಇರ್ಲಿಲ್ಲಾ?"

ಗುಂಪಿನಲ್ಲಿ ಯಾರೋ ನಕ್ಕರು. ಗುತ್ತಿಗೆದಾರರು ನೆಟ್ಟಗಾದರು. "ಇರ್ಲಿ. ಕೆರೆ ಮೀನೆಲ್ಲ ನಂದೇ ಅಂತ ಕಾಗದದಾಗೆ ಐತೆ. ಇದೂ ನಂದೇ. ಕೊಡಮ್ಮ ಇಲ್ಲಿ."

"ತಗೋ. ಇದು ನಿಂದೇ ಅಂದ್ರೆ ಕಳ್ಳನೂ ನಿನ್ನೋನೇ. ಮೂರು ದಿನದಿಂದ ನನಗೆ ಯಾಕೆ ಮರಿಕಳ್ಳಿ ಅನ್ನಿಸ್ದೆ? ಅದನ್ನ ಇಲ್ಲೇ ಹೇಳಿ ಆಮ್ಯಾಲೆ ಎತ್ಕೊಂಡು ಹೋಗು."

ಅವರು ಮೀನು ಮುಟ್ಟಲಿಲ್ಲ. ಬಾವಿ ಎಲ್ಲಿದೆ ಎಂದು ಕೇಳಿದರು. ಅವ್ವ ರಕ್ತದ ಕೈಯನ್ನು ನೀರಿನಲ್ಲಿ ತೊಳೆದುಕೊಂಡಳು.

"ನನ್ನ ಕೋಲು ಮುರಿದಿದ್ದಿ. ಅಂಥದೊಂದು ತಂದ್ಕೊಡು. ಆವಾಗ ತೋರಿಸ್ತೀನಿ."

ಈ ಸುದ್ದಿಯನ್ನು ನಾನು ಪತ್ರಿಕೆಗೆ ಕಳಿಸಲಿಲ್ಲ. ಮನೆಯವರ ವಿಷಯ ಬರೆಯುವುದಿಲ್ಲ ಎಂಬುದು ನಾನು ಪಾಲಿಸಿಕೊಂಡು ಬಂದ ನಿಯಮ. ಆಗ ಬರೆದಿಟ್ಟುಕೊಂಡ ಟಿಪ್ಪಣಿಯಿಂದ ಈಗ ಬರೆಯುತ್ತಿದ್ದೇನೆ.

ಎಂಟು ದಿನ ಬಿಟ್ಟು ಗುತ್ತಿಗೆದಾರರು ಬಿದಿರುಕೋಲು ತಂದರು. ಅವ್ವ ಅದನ್ನು ಬಗ್ಗಿಸಿ ನೋಡಿ, "ಇದು ದನ ಹೊಡಿಯಾಕೆ ಆಗ್ತೈತೆ" ಎಂದು ವಾಪಸು ಕೊಟ್ಟಳು. ಮರುವಾರ ತೆಳ್ಳನೆಯದು ಬಂತು. ಅವಳು ಬಾವಿಯ ಜಾಗ ತೋರಿಸಿದಳು. ಅವರು ಅಲ್ಲಿ ಬಲೆ ಬಿಡಿಸಿದರು. ಒಂಬತ್ತು ಕೊರಮೀನು ಸಿಕ್ಕವು. 'ಮರಿಕಳ್ಳಿ' ಎಂಬ ಹೆಸರು ತಂದದ್ದು ತಪ್ಪಾಯಿತೆಂದು ಅವರು ಯಾರ ಮುಂದೆಯೂ ಹೇಳಲಿಲ್ಲ. ಅವ್ವ ಮತ್ತೆ ಗಾಳ ಹಾಕಿದಾಗ ಪಂಚಾಯಿತಿಗೂ ಹೋಗಲಿಲ್ಲ.

ಹೋದ ಭಾನುವಾರ ನಾನು ಊರಿಗೆ ಹೋದಾಗ ಏರಿಯ ಕೆಳಗೆ ಗಾಳ ಹಾಕಿಕೊಂಡು ಏಳು ಜನ ಕೂತಿದ್ದರು. ಅವರಲ್ಲಿ ಐವರು ಹೆಂಗಸರು.